ಅಕ್ಕ ತಾನೇ ಮನೆ ನೋಡಲು ಹೊರಟಳು

ನಾನು ಚಿಕ್ಕವಳಿದ್ದಾಗ ಪುಸ್ತಕ ಓದುವುದಕ್ಕಿಂತ ಮೊದಲು ಕರೆಂಟಿನ ಕಂಬ ಓದಲು ಕಲಿತೆ. ನಗಬೇಡಿ ಮಕ್ಕಳೇ, ನಿಮ್ಮ ಅಜ್ಜಿ ನಿಜವನ್ನೇ ಹೇಳುತ್ತಿದ್ದಾಳೆ. ನಮ್ಮ ಅಪ್ಪ ಲೈನ್‌ಮನ್ ಆಗಿದ್ದ. ಬೈಲಹೊಂಗಲದಲ್ಲಿ ನಮ್ಮ ಮನೆ, ಮುರಗೋಡದ ಸುತ್ತಲಿನ ಹಳ್ಳಿಗಳಲ್ಲಿ ಅವನ ಕೆಲಸ. ಗಾಳಿಮಳೆಗೆ ಎಲ್ಲಾದರೂ ಕರೆಂಟು ಹೋಯಿತೆಂದರೆ ಅಪ್ಪ ತನ್ನ ಫಟಫಟಿ ತೆಗೆಯುತ್ತಿದ್ದ. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಆಗ ಎಲ್ಲರೂ ಫಟಫಟಿ ಎಂದೇ ಅನ್ನುತ್ತಿದ್ದರು. ಶಾಲೆ ಇಲ್ಲದ ದಿನ ನನ್ನನ್ನೂ ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊಲದ ಹಾದಿ ಹಿಡಿಯುತ್ತಿದ್ದ. ಬಿಸಿ ಟ್ಯಾಂಕಿಗೆ ತೊಡೆ ಸುಡುತ್ತಿತ್ತು, ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು, ಆದರೂ ನಾನು ಇಳಿಯುತ್ತಿರಲಿಲ್ಲ.

ಅಪ್ಪ ಹೇಳಿಕೊಟ್ಟ ಪಾಠ ಸುಲಭವಾಗಿತ್ತು. ಮೂರು ತಂತಿ ಜೊತೆಯಾಗಿ ಓಡುತ್ತಿದ್ದರೆ ಅದು ಊರಿಂದ ಊರಿಗೆ ಹೋಗುವ ಲೈನು. ಅದರ ಕೆಳಗಿನ ಎತ್ತಿನ ಚಕ್ಕಡಿಯ ಹಾದಿ ಹಿಡಿದು ಹೋದರೆ ಊರು ಸಿಕ್ಕೇ ಸಿಗುತ್ತದೆ. ತಂತಿಗಳು ಒಂದರ ಕೆಳಗೊಂದು ಬಂದವೆಂದರೆ ಊರೊಳಗೆ ಕಾಲಿಟ್ಟೆವು ಎಂದೇ ಅರ್ಥ. ಪ್ರತಿ ಕಂಬದ ಮೇಲೂ ಕೆಂಪು ಬಣ್ಣದಲ್ಲಿ ಊರಿನ ಮೊದಲ ಅಕ್ಷರ ಮತ್ತು ಒಂದು ಅಂಕಿ. ಅವನ್ನೆಲ್ಲ ಅಪ್ಪನೇ ಕುಂಚ ಹಿಡಿದು ಬರೆದಿದ್ದ. ಅವನ ಐದಕ್ಕೆ ಹೊಟ್ಟೆ ದೊಡ್ಡದು, ಏಳಕ್ಕೆ ನಡುವೆ ಒಂದು ಅಡ್ಡಗೆರೆ. ನೂರು ಜನರ ಬರಹದ ನಡುವೆಯೂ ನಾನು ಅದನ್ನು ಗುರುತಿಸುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನನಗೆ ಹತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಕ್ಕ ಶಿಕ್ಷಕಿಯ ತರಬೇತಿ ಮುಗಿಸಿ ನೌಕರಿಯ ಆರ್ಡರಿಗಾಗಿ ಕಾಯುತ್ತಿದ್ದಳು. ಅವಳಿಗೆ ಫಟಫಟಿ ಹೊಡೆಯಲು ಬರುತ್ತಿತ್ತು. ಗಂಡುಮಗ ಇಲ್ಲವೆಂದು ಅಪ್ಪ ಕಲಿಸಿದ್ದಲ್ಲ, ಅವಳು ಹಟ ಹಿಡಿದು ಕಲಿತದ್ದು. ಭಾನುವಾರ ಅರಳೆ ಗಿರಣಿಯ ಖಾಲಿ ಬಯಲಿನಲ್ಲಿ ಅವಳು ಸುತ್ತು ಹಾಕುವಾಗ ಜನ ಗೋಡೆಯ ಮೇಲೆ ಕುಳಿತು ನೋಡುತ್ತಿದ್ದರು. ನೋಡಲಿ ಬಿಡು ಎನ್ನುತ್ತಿದ್ದಳು ಅಕ್ಕ.

ದೀಪಾವಳಿ ಮುಗಿಯುತ್ತಲೇ ಅವಳನ್ನು ನೋಡಲು ರಾಮದುರ್ಗದ ಕಡೆಯವರು ಬಂದರು. ಐದು ಗಂಡಸರು, ಇಬ್ಬರು ಹೆಂಗಸರು. ಅಕ್ಕನನ್ನು ಚಾಪೆಯ ಮೇಲೆ ಕೂರಿಸಿ ಸೂಜಿಗೆ ದಾರ ಪೋಣಿಸು ಅಂದರು, ನಾಲ್ಕು ಹೆಜ್ಜೆ ನಡೆದು ತೋರಿಸು ಅಂದರು, ಪೇಪರಿನ ಎರಡು ಸಾಲು ಓದಿಸಿದರು. ಅಕ್ಕ ತಲೆ ತಗ್ಗಿಸಿಕೊಂಡೇ ಇದ್ದಳು. ಹುಡುಗನ ಮುಖವನ್ನು ಅವಳು ನೋಡಲಿಲ್ಲ. ನಾನು ನೋಡಿದೆ, ಮೂಗು ಉದ್ದವಿದೆ ಎಂದು ಆಮೇಲೆ ಅವಳಿಗೆ ವರದಿ ಕೊಟ್ಟೆ.

ನಮ್ಮ ಕಡೆ ಅದಾದ ಮೇಲೆ 'ಮನೆ ನೋಡುವುದು' ಎಂಬ ಪದ್ಧತಿ ಇತ್ತು. ಹೆಣ್ಣಿನ ಕಡೆಯ ಹಿರಿಯರು ಹುಡುಗನ ಮನೆಗೆ ಹೋಗಿ ನೋಡಿ, ಮನಸ್ಸಿಗೆ ಬಂದರೆ ಅಲ್ಲೇ ಸಕ್ಕರೆ ತಿಂದು ಬರುವುದು. ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು, ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಮನೆ ನೋಡಲು ಎಲ್ಲರೂ ಹೋಗಬಹುದಿತ್ತು, ಆ ಮನೆಯಲ್ಲಿ ಬಾಳಬೇಕಾದವಳೊಬ್ಬಳನ್ನು ಬಿಟ್ಟು. ಈ ಪದ್ಧತಿ ಮಾಡಿದವರು ಯಾರೋ, ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಹಿರಿಯರು ಹೊರಡುವ ಹಿಂದಿನ ಸಂಜೆ ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ನಮ್ಮಲ್ಲೇ ಊಟಕ್ಕೆ ಕುಳಿತಿದ್ದ. ಈ ಸಂಬಂಧ ತಂದವನೂ ಅವನೇ. ಅಕ್ಕ ರೊಟ್ಟಿ ಬಡಿಸುತ್ತ, ನೌಕರಿ ಮಾಡಲು ಅವರು ಬಿಡುತ್ತಾರೋ ಇಲ್ಲವೋ ಒಂದು ಮಾತು ಕೇಳಿ ಬನ್ನಿ ಎಂದಳು. ದೊಡ್ಡಪ್ಪ ನಕ್ಕ. ಇಂಥದ್ದನ್ನೆಲ್ಲ ಕೇಳಿದರೆ ಹೆಣ್ಣಿನ ಕಡೆಯವರಿಗೆ ಸೊಕ್ಕು ಅನ್ನುತ್ತಾರೆ ಎಂದ. ಅಪ್ಪ ಏನೂ ಅನ್ನದೆ ಮಜ್ಜಿಗೆ ಕುಡಿದ. ಅಪ್ಪ ಸುಮ್ಮನಿದ್ದದ್ದು ನನಗೆ ದೊಡ್ಡಪ್ಪನ ನಗೆಗಿಂತ ಹೆಚ್ಚು ನೋವು ಕೊಟ್ಟಿತು.

ಹಿರಿಯರ ಜೀಪು ಮಧ್ಯಾಹ್ನ ಹೊರಡುವುದಿತ್ತು. ಅಪ್ಪ ಬೆಳಿಗ್ಗೆ ಅರ್ಧ ದಿನದ ಕೆಲಸಕ್ಕೆ ನಡೆದೇ ಹೋದ. ಅವನು ಓಣಿ ದಾಟಿದ್ದೇ ತಡ, ಅಕ್ಕ ಪಂಜಾಬಿ ಡ್ರೆಸ್ಸಿನ ಮೇಲೆ ಅಪ್ಪನ ಹಳೆಯ ಖಾಕಿ ಅಂಗಿ ತೊಟ್ಟಳು, ಜಡೆಯನ್ನು ಒಳಗೆ ಸೇರಿಸಿ ತಲೆಗೆ ಟಾವೆಲ್ ಸುತ್ತಿದಳು, ಗೂಟದ ಮೇಲಿನ ಚಾವಿ ತೆಗೆದುಕೊಂಡಳು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಗಂಟನ್ನು ನನ್ನ ಕೈಗೆ ಕೊಟ್ಟು, "ನನಗ ಏನೂ ಗೊತ್ತಿಲ್ಲ ನೋಡ್ರಿ" ಅಂದಳು. ಮತ್ತೆ ಒಲೆಯ ಮುಂದೆ ಹೋಗಿ ಕುಳಿತಳು.

ದೊಡ್ಡ ರಸ್ತೆಯಲ್ಲಿ ಹೋಗುವ ಹಾಗಿರಲಿಲ್ಲ. ದೊಡ್ಡಪ್ಪನ ಗೊಬ್ಬರದ ಅಂಗಡಿ ಆ ರಸ್ತೆಗೇ ಇತ್ತು, ಮುಂದೆ ಊರೂರಿಗೆ ನಂಟರು. ಹುಡುಗಿ ಫಟಫಟಿ ಹೊಡೆಯುತ್ತಿದ್ದಾಳೆ ಎಂಬ ಸುದ್ದಿ ನಮಗಿಂತ ಮೊದಲೇ ರಾಮದುರ್ಗ ಮುಟ್ಟುತ್ತಿತ್ತು. ಅದಕ್ಕೇ ಅಕ್ಕ ನನ್ನನ್ನು ಕರೆದುಕೊಂಡದ್ದು. ಅವಳಿಗೆ ಗಾಡಿ ಬರುತ್ತಿತ್ತು, ನನಗೆ ಕಂಬ ಬರುತ್ತಿತ್ತು.

ಹಿಂದಿನ ದಿನ ಸಣ್ಣ ಮಳೆಯಾಗಿತ್ತು. ಎರೆಹೊಲಗಳಿಂದ ಹಸಿಮಣ್ಣಿನ ವಾಸನೆ ಏಳುತ್ತಿತ್ತು. ಹತ್ತಿ ಒಡೆಯುತ್ತಿತ್ತು, ಜೋಳ ಮೊಳಕಾಲೆತ್ತರ ಬಂದಿತ್ತು, ನಮ್ಮ ಸದ್ದಿಗೆ ಬೆಳ್ಳಕ್ಕಿಗಳು ಏಳುತ್ತಿದ್ದವು. ನಾನು ಹಿಂದೆ ಕುಳಿತು ಅಕ್ಕನ ಸೊಂಟ ಹಿಡಿದು, ತಲೆ ಮೇಲೆತ್ತಿ, ಎಡಕ್ಕೆ ಎಂದು, ಬಲಕ್ಕೆ ಎಂದು ಕೂಗುತ್ತಿದ್ದೆ. ಅಪ್ಪನ ದೊಡ್ಡ ಹೊಟ್ಟೆಯ ಐದುಗಳು, ಗೆರೆ ಎಳೆದ ಏಳುಗಳು ಒಂದೊಂದಾಗಿ ಬಂದು ಹಿಂದೆ ಸರಿದವು. ಮುರಗೋಡವನ್ನು ಹೊರಗಿನಿಂದಲೇ ಬಳಸಿಕೊಂಡು ದಾಟಿದೆವು. ಎದುರಿಗೆ ಕುರಿ ಹೊಡೆದುಕೊಂಡು ಬಂದ ಅಜ್ಜನೊಬ್ಬ ಅಕ್ಕನಿಗೆ 'ತಮ್ಮಾ, ಸಾವಕಾಶ' ಅಂದ. ನಮಗೆ ನಗು ತಡೆಯಲಿಲ್ಲ.

ಮುರಗೋಡ ದಾಟಿ ಬಹಳ ಹೊತ್ತಾದ ಮೇಲೆ ಒಂದು ಹಳ್ಳ ಬಂತು. ಹಳ್ಳದಾಚೆಯ ಮೊದಲ ಕಂಬ ನೋಡಿದೆ. ಅಂಕಿ ಇತ್ತು, ಆದರೆ ಅದು ಅಪ್ಪನ ಬರಹ ಆಗಿರಲಿಲ್ಲ. ಸಣ್ಣ, ವಾಲಿದ, ಯಾರೋ ಅವಸರದಲ್ಲಿ ಗೀಚಿದ ಅಂಕಿಗಳು. ಅಪ್ಪನ ಕೆಲಸದ ಸರಹದ್ದು ಅಲ್ಲಿಗೆ ಮುಗಿದಿತ್ತು. ನನಗೆ ಅಳು ಬಂತು. ಅಕ್ಕ ಗಾಡಿ ನಿಲ್ಲಿಸಲಿಲ್ಲ. "ತಂತಿ ಮೂರ ಅದಾವಲ್ಲ, ಹಿಡಕೊಂಡು ಹೋಗೂಣು" ಅಂದಳು.

ಮೂರು ತಂತಿ ಇದ್ದವು ನಿಜ. ಆದರೆ ಮುಂದೆ ಲೈನು ಒಂದು ಕಡೆ ಕವಲೊಡೆದಿತ್ತು. ಯಾವುದು ಊರಿಗೆ, ಯಾವುದು ಬಾವಿಗೆ ಎಂದು ಆ ಗೀಚಿದ ಅಂಕಿಗಳಿಂದ ತಿಳಿಯಲಿಲ್ಲ, ನಾನು ತಪ್ಪು ಕವಲು ಹೇಳಿದೆ. ಲೈನ್‌ಮನ್ ಮಕ್ಕಳಲ್ಲದೆ ಬೇರೆ ಯಾರೂ ಹೀಗೆ ಹಾದಿ ತಪ್ಪಲಾರರು. ಹಾದಿ ಬರಬರುತ್ತ ಕಾಲುಹಾದಿಯಾಯಿತು. ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗದೆ ಗಾಡಿ ನಿಂತಿತು. ಎದುರಿಗೆ ಮೆಣಸಿನಕಾಯಿ ಹೊಲ, ಒಂದು ಬಾವಿ, ಅದರ ಪಕ್ಕದ ಕಂಬದಲ್ಲಿ ಪಂಪಸೆಟ್ಟಿಗೆ ಕರೆಂಟು ಕೊಡುವ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ತಂತಿ ಅಲ್ಲಿಗೇ ಮುಗಿದಿತ್ತು.

ಬಾವಿಯ ಕಡೆಯಿಂದ ಬಿಳಿ ಗಡ್ಡದ ಚಾಚಾ ಒಬ್ಬರು ಓಡೋಡಿ ಬಂದರು. ಖಾಕಿ ಅಂಗಿ ಕಂಡು ಅವರ ಮುಖ ಅರಳಿತ್ತು. ಟಿಸಿ ಸುಟ್ಟು ಇಪ್ಪತ್ತು ದಿನವಾಯಿತು, ಅಂತೂ ಬಂದಿರಲ್ಲ ಸಾಹೇಬರೇ, ಎಂದು ಒಂದೇ ಉಸಿರಿಗೆ ಹೇಳಿದರು. ಅಕ್ಕ ಟಾವೆಲ್ ತೆಗೆದಳು. ಜಡೆ ಕೆಳಗೆ ಬಿತ್ತು. ಚಾಚಾ ಬಾಯಿ ತೆರೆದು ನಿಂತವರು ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವು ಎಲ್ಲಿಗೆ, ಯಾಕೆ ಹೊರಟಿದ್ದೇವೆ ಎಂದು ಅಕ್ಕ ಮುಚ್ಚುಮರೆ ಇಲ್ಲದೆ ಹೇಳಿದಳು. ಅವರ ನಗು ನಿಂತಿತು. ಕುಡುಗೋಲಿನ ತುದಿಯಿಂದ ತಾವೇ ಮಣ್ಣು ಕೆದರಿ ತೆಗೆದರು. ನೀರು ಕೊಟ್ಟರು.

"ಇನ್ನ ಕಂಬ ನೋಡಬ್ಯಾಡ್ರಿ ಬೇಟಿ. ಹೊತ್ತು ಬಲಗಣ್ಣಿಗೆ ಬೀಳೂ ಹಂಗ ಗಾಡಿ ಹಿಡೀರಿ, ಸಿರಸಂಗಿ ಬರ್ತೈತಿ. ಅಲ್ಲಿಂದ ಯಾರನ್ನರ ಕೇಳ್ರಿ. ಕೇಳಾಕ ನಾಚಬ್ಯಾಡ್ರಿ" ಎಂದರು. ಹಾಗೇ ತಮ್ಮ ಟಿಸಿಯ ಸುದ್ದಿಯನ್ನು ಅಪ್ಪನಿಗೆ ಮುಟ್ಟಿಸಲು ಹೇಳಿದರು.

ಬಿಸಿಲು ಬಲಗಣ್ಣಿಗೆ ಚುಚ್ಚುತ್ತಿತ್ತು, ಅಕ್ಕ ಅದನ್ನು ಬಿಡಲಿಲ್ಲ. ಸಿರಸಂಗಿ ಬಂತು. ಅಲ್ಲಿಂದ ಮುಂದೆ ಮೇವಿನ ಹೊರೆ ಹೊತ್ತವರನ್ನು, ಸೈಕಲ್ ತುಳಿಯುವವರನ್ನು, ಕಂಡ ಕಂಡವರನ್ನೆಲ್ಲ ಕೇಳುತ್ತ, ಊಟದ ಹೊತ್ತು ಮೀರುವಾಗ ರಾಮದುರ್ಗದ ಈಚೆಗಿನ ಆ ಊರು ಮುಟ್ಟಿದೆವು. ಊರಿನ ಹೆಸರು ಹೇಳುವುದಿಲ್ಲ. ಆ ಮನೆಯವರು ಈಗಲೂ ಇದ್ದಾರೆ, ಕೆಟ್ಟ ಜನ ಅಲ್ಲ.

ಮನೆಯ ಮುಂದಿನ ಕಟ್ಟೆಯ ಮೇಲೆ ಆ ಉದ್ದ ಮೂಗಿನ ಹುಡುಗನೇ ಕುಳಿತಿದ್ದ. ಬಾಗಿಲಲ್ಲಿ ಅವನ ತಾಯಿ. ಒಳಗೆ ಹಿರಿಯರಿಗಾಗಿ ತಾಟಿನಲ್ಲಿ ಸಕ್ಕರೆ ಸಿದ್ಧವಾಗಿದ್ದುದು ನನಗೆ ಕಾಣುತ್ತಿತ್ತು. ಅಕ್ಕ ಗಾಡಿ ನಿಲ್ಲಿಸಿ, ಟಾವೆಲಿನಿಂದ ಮುಖದ ಧೂಳು ಒರೆಸಿಕೊಂಡು, ಕಟ್ಟೆಯ ಮುಂದೆ ನೆಟ್ಟಗೆ ನಿಂತಳು.

"ನೀವು ನನ್ನ ನೋಡಿ ಬಂದ್ರಿ. ಈಗ ನಾ ನೋಡಾಕ ಬಂದೇನಿ. ಆರ್ಡರ್ ಬಂದ್ರ ನಾ ಸಾಲಿಗೆ ಹೋಗಿ ಕಲಿಸಾಕಿ. ನಿಮಗ ನಡೀತೈತೇನ್ರಿ?"

ಹುಡುಗ ಎದ್ದು ನಿಂತ. ತಾಯಿಯ ಮುಖ ನೋಡಿದ, ನಂತರ ತನ್ನ ಕಾಲು ನೋಡಿಕೊಂಡ. "ನಾ ಹೆಂಗ ಹೇಳ್ಲಿರಿ. ಅಪ್ಪಾರನ್ನ ಕೇಳಬೇಕಾಗ್ತದ" ಎಂದ.

ನಿಮಗೆ ಏನನ್ನಿಸುತ್ತದೆ, ಅಷ್ಟನ್ನೇ ಹೇಳಿ ಎಂದು ಅಕ್ಕ ಮತ್ತೊಮ್ಮೆ ಕೇಳಿದಳು. ಅವನು ಮತ್ತೆ ತಾಯಿಯ ಕಡೆ ತಿರುಗಿದ. ಅಕ್ಕ ಅವನಿಗೆ ಸಾಕಷ್ಟು ಸಮಯ ಕೊಟ್ಟಳು, ಅದಕ್ಕೆ ನಾನೇ ಸಾಕ್ಷಿ. ಕೊನೆಗೆ ಮೆಲ್ಲಗೆ ಹೇಳಿದಳು: "ನಾ ನಮ್ಮಪ್ಪನ್ನ ಕೇಳಲಾರದ ಇಷ್ಟು ದೂರ ಬಂದೇನಿ. ನಿಮಗ ನಿಮ್ಮ ಕಟ್ಟಿ ಮ್ಯಾಲ ನಿಂತು ಒಂದು ಮಾತು ಆಡಾಕ ಆಗವಲ್ದು."

ಅಷ್ಟರಲ್ಲಿ ಜೀಪು ಬಂದು ನಿಂತಿತು. ದೊಡ್ಡಪ್ಪ ಇಳಿಯುವ ಮೊದಲೇ ಬೈಯಲು ಶುರು ಮಾಡಿದ. ಮಾನ ಹೋಯಿತು, ಮರ್ಯಾದೆ ಹೋಯಿತು, ಇನ್ನು ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದೆಲ್ಲ ಕೂಗಾಡಿದ. ಓಣಿಯ ಜನ ಸೇರಿದರು. ಎಲ್ಲರೂ ಅಪ್ಪನ ಕಡೆ ನೋಡುತ್ತಿದ್ದರು, ಈಗ ಹೊಡೆಯುತ್ತಾನೆ ಎಂದು. ನಾನೂ ಹಾಗೇ ಅಂದುಕೊಂಡಿದ್ದೆ.

ಅಪ್ಪ ತನ್ನ ಗಾಡಿಯ ಸುತ್ತ ಒಂದು ಸುತ್ತು ಬಂದ. ಮಡ್‌ಗಾರ್ಡಿನಲ್ಲಿ ಸಿಕ್ಕಿದ್ದ ಹತ್ತಿಗಿಡವನ್ನು ಎಳೆದು ತೆಗೆದ. ಯಾವ ಹಾದಿಯಿಂದ ಬಂದಿರಿ ಎಂದು ನನ್ನನ್ನು ಕೇಳಿದ. ಹೆದರಿಕೆಗೆ ನನ್ನ ಬಾಯಿಂದ ಎಲ್ಲ ಒಟ್ಟಿಗೇ ಬಂತು: ಕಂಬ ಹಿಡಿದು ಬಂದೆವು, ಹಳ್ಳ ದಾಟಿದ ಮೇಲೆ ನಿನ್ನ ಅಂಕಿ ಮುಗಿದವು, ಬಾವಿಯ ಹತ್ತಿರ ಸಿಕ್ಕಿಬಿದ್ದೆವು, ಅಲ್ಲಿನ ಚಾಚಾರ ಟಿಸಿ ಸುಟ್ಟು ಇಪ್ಪತ್ತು ದಿನವಾಯಿತಂತೆ. ಆ ಬಿಗುವಿನಲ್ಲೂ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ನಗಲಿಲ್ಲ. ಅವನ ಕಣ್ಣು ಒದ್ದೆಯಾಗಿದ್ದವು.

ಹುಡುಗನ ತಂದೆ ಎಲ್ಲರನ್ನೂ ಒಳಗೆ ಕರೆದರು, ಹುಡುಗಿ ಇನ್ನೂ ಸಣ್ಣವಳು, ನಾವು ತಿದ್ದಿಕೊಳ್ಳುತ್ತೇವೆ ಎಂದರು. ದೊಡ್ಡಪ್ಪ ಸಕ್ಕರೆಯ ತಾಟಿಗೆ ಕೈ ಹಾಕಿಯೇಬಿಟ್ಟಿದ್ದ. ಅಪ್ಪ ಅವನ ಮುಂಗೈ ಹಿಡಿದ. ತನ್ನ ಅಣ್ಣನ ಕೈಯನ್ನು ಅವನು ಹಾಗೆ ಹಿಡಿದದ್ದನ್ನು ನಾನು ಮೊದಲು ಎಂದೂ ನೋಡಿರಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿದ.

"ನೀ ಏನಂತಿ?"

"ಒಲ್ಲೆ ಅಪ್ಪಾ."

ಅಪ್ಪ ಆ ಮನೆಯವರಿಗೆ ಕೈ ಮುಗಿದು, "ತಪ್ಪು ತಿಳಕೋಬ್ಯಾಡ್ರಿ. ನಮ್ಮ ಹುಡುಗಿ ಒಲ್ಲೆ ಅಂತಾಳ" ಎಂದ. ಅಷ್ಟೇ. ಯಾರೂ ಸಕ್ಕರೆ ತಿನ್ನಲಿಲ್ಲ.

ವಾಪಸು ಬರುವಾಗ ಅಪ್ಪ ಜೀಪಿನಲ್ಲೇ ಕುಳಿತ. ನಾವು ಹೊಲದ ಹಾದಿಗೆ ಇಳಿಯಲಿಲ್ಲ. ಅಕ್ಕ ಟಾವೆಲನ್ನು ನನ್ನ ಕೈಗೆ ಕೊಟ್ಟು, ಬರಿತಲೆಯಲ್ಲಿ, ಜಡೆ ಹಾರಿಸುತ್ತ, ದೊಡ್ಡ ರಸ್ತೆಯ ನಟ್ಟನಡುವೆ ಗಾಡಿ ಬಿಟ್ಟಳು. ಹಿಂದೆ ಹಿರಿಯರ ಜೀಪು. ಊರೂರಿನ ನಂಟರೆಲ್ಲ ನೋಡಿದರು. ನಾವು ಅವ್ವನ ರೊಟ್ಟಿಯನ್ನು ದಾರಿಯಲ್ಲೇ ತಿಂದೆವು.

ಎಲ್ಲವೂ ಅಂದೇ ಸರಿಹೋಯಿತು ಎಂದುಕೊಳ್ಳಬೇಡಿ. ದೊಡ್ಡಪ್ಪ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಹೇಳದೆ ಗಾಡಿ ಒಯ್ದದ್ದಕ್ಕೆ ಅಪ್ಪ ಆರು ತಿಂಗಳು ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗಿದ. ಓಣಿಯವರು ಆಡಬಾರದ್ದು ಆಡಿದರು. ಅಕ್ಕನಿಗೆ ಮರುವರ್ಷ ಸವದತ್ತಿಯ ಹತ್ತಿರದ ಒಂದು ಹಳ್ಳಿಗೆ ಆರ್ಡರ್ ಬಂತು. ಅವಳು ಹೋದಳು. ಮದುವೆ ನಾಲ್ಕು ವರ್ಷ ತಡವಾಗಿ ಆಯಿತು, ಅವಳು ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟವನ ಜೊತೆ. ಅಂದು ನಾವು ಮಾಡಿದ್ದು ತಪ್ಪು ಎಂದು ಹೇಳುವವರು ಇನ್ನೂ ಇದ್ದಾರೆ. ಹೇಳಿಕೊಳ್ಳಲಿ.

ಈಗ ನಿಮ್ಮ ಕೈಯಲ್ಲಿ ಫೋನು ಇದೆ. ಅದರೊಳಗೆ ನೀಲಿ ಗೆರೆ ಎಳೆದು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುವ ಒಬ್ಬ ಹೆಣ್ಣುಮಗಳಿದ್ದಾಳೆ. ಹಾದಿ ತಪ್ಪಿದರೂ ಬೈಯುವುದಿಲ್ಲ, ಬೇರೆ ಹಾದಿ ತೋರಿಸುತ್ತಾಳೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿಲ್ಲ. ನಾನು ಮೆಚ್ಚುವುದು ಮಾತ್ರ ಬೇರೆಯದನ್ನು: ಆ ಫೋನು ಎಲ್ಲಕ್ಕಿಂತ ಮೊದಲು, ನೀವು ಎಲ್ಲಿಗೆ ಹೋಗಬೇಕು ಎಂದು ನಿಮ್ಮನ್ನೇ ಕೇಳುತ್ತದೆ. ನಮ್ಮ ಅಕ್ಕ ಒಂದು ಇಡೀ ದಿನ ಎರೆಮಣ್ಣಿನಲ್ಲಿ ಒದ್ದಾಡಿದ್ದು ಆ ಒಂದು ಪ್ರಶ್ನೆಗಾಗಿ. ನಿಮಗದು ಪುಕ್ಕಟೆ ಸಿಕ್ಕಿದೆ. ಉತ್ತರವನ್ನು ನಿಮ್ಮ ಬಾಯಿಂದಲೇ ಹೇಳಿ. ಯಾವತ್ತಾದರೂ ಈ ಮನೆಯಲ್ಲಿ ಯಾರಾದರೂ ನಿಮ್ಮನ್ನು ಕೇಳದೆ ನಿಮ್ಮ ಹಾದಿಯನ್ನು ಗೊತ್ತು ಮಾಡಿದರೆ ನನಗೆ ಬಂದು ಹೇಳಿ, ಅವರು ನನ್ನ ಮಗಳೇ ಆಗಲಿ, ಅಳಿಯನೇ ಆಗಲಿ. ಗಾಡಿ ಹೊಡೆಯಲು ನನಗೂ ಬರುತ್ತದೆ.