ಆನೆಯ ಬುಟ್ಟಿಯ ಕಡಲೆಕಾಯಿ

ನಮ್ಮ ಯಜಮಾನರ ಕಣ್ಣು ಮಂಜಾದ ಮೇಲೆ ಬೆಳಿಗ್ಗೆ ಕನ್ನಡ ಪೇಪರ್ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸುಮ್ಮನೆ ಓದುವವಳಲ್ಲ. ಮಂತ್ರಿಯೊಬ್ಬ ರಸ್ತೆ ಮಾಡಿಸುತ್ತೇನೆ ಎಂದರೆ, "ಮಾಡಿಸಿದ, ಇವನ ತಲೆ!" ಎಂದು ನಡುವೆ ಸೇರಿಸದೆ ಮುಂದಿನ ಸಾಲು ನನ್ನ ಬಾಯಿಗೆ ಬರುವುದಿಲ್ಲ. ಇವರಿಗೆ ಅದು ಆಗುವುದಿಲ್ಲ. ದಾದರಿನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದಲ್ಲಿ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಡುಗೆಯವರಿಗೂ ಸಪ್ಲೈಯರುಗಳಿಗೂ ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವರು ಇವರು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನೀನು ಪೇಪರ್ ಓದುವುದಲ್ಲ ಮಾರಾಯ್ತಿ, ಜಗಳ ಮಾಡುವುದು," ಎಂದರು ಒಂದು ದಿನ. ಆಮೇಲೆ ಮೆಲ್ಲಗೆ, "ಮಗನಿಗೆ ಕನ್ನಡ ಮಾತು ಬರ್ತದೆ, ಅಕ್ಷರ ಬರುವುದಿಲ್ಲ. ನಮ್ಮ ನಂತರ ಈ ಮನೆಯಲ್ಲಿ ಇದನ್ನು ಬಿಡಿಸಿ ನೋಡುವವರು ಯಾರುಂಟು? ಪೇಪರಿನವನಿಗೆ ಬೇಡ ಅಂತ ಹೇಳಿಬಿಡು," ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ನಾನೆಂತ ಸತ್ತುಹೋಗಿದ್ದೇನಾ? ಮೊಮ್ಮಗಳು ಕಲಿಯಲಿ. ಅವಳಿಗೆ ಓದಿ ತೋರಿಸಲಿಕ್ಕೆ ಆಗದಿದ್ದರೆ ಆಗ ಬಂದ್ ಮಾಡುವ," ಎಂದೆ. ಇವರು ಒಪ್ಪಿದರು. ಪಂಥ ಕಟ್ಟಿದ್ದು ನಾನು, ಪರೀಕ್ಷೆ ಮಾತ್ರ ಪಾಪ, ಒಂದನೇ ಕ್ಲಾಸಿನ ಕೂಸಿಗೆ.

ಅವಳಿಗೆ ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ. ನಾನು ಸ್ಲೇಟು ಹಿಡಿದರೆ ಸೋಫಾದ ಹಿಂದೆ ಅಡಗುತ್ತಿದ್ದಳು. ಕೊನೆಗೆ ಸೊಸೆಯೇ ಕನ್ನಡ ಕಲಿಸುವ ಒಂದು ಆಪನ್ನು ತನ್ನ ಮೊಬೈಲಿಗೆ ಹಾಕಿಕೊಂಡಳು. ಸೊಸೆ ಮರಾಠಿಯವಳು, ನಾವಿರುವ ಈ ಮುಲುಂಡಿನಲ್ಲೇ ಹುಟ್ಟಿ ಬೆಳೆದವಳು. ನಮ್ಮ ಮಾತು ಕೇಳಿ ಕೇಳಿ ಅವಳಿಗೆ ಕನ್ನಡ ತಿಳಿಯುತ್ತಿತ್ತು. ಬಾಯಿ ಬಿಟ್ಟು ಆಡಲು ನಾಚಿಕೆ. ಹಾಗಾಗಿ ನಾವೂ ಅವಳೊಡನೆ ಹಿಂದಿಯಲ್ಲೇ ಮಾತಾಡಿ ಅಭ್ಯಾಸ.

ಆಪಿನಲ್ಲಿ ಒಂದು ಆನೆಮರಿ. ಅಕ್ಷರ ಮುಟ್ಟಿದರೆ ಅದನ್ನು ಹೇಳುತ್ತದೆ, ಕಥೆಯ ಪುಟ ತೆರೆದರೆ ಓದುತ್ತದೆ. ಪುಟ ಮುಗಿದರೆ ಅದರ ಬುಟ್ಟಿಗೆ ಒಂದು ಕಡಲೆಕಾಯಿ ಬೀಳುತ್ತದೆ. ಮಗು ಸಂಜೆ ನನ್ನ ಮಡಿಲಲ್ಲಿ ಕೂತು ಆನೆಯೊಡನೆ ರಾಗವಾಗಿ ಹೇಳುತ್ತಿತ್ತು. ಸ್ವಲ್ಪ ದಿನಕ್ಕೆ ಆನೆಗಿಂತ ಮೊದಲೇ ಹೇಳತೊಡಗಿತು. ನಾನು ಉಬ್ಬಿಹೋದೆ. ಇವರ ಮುಂದೆ ಹೋಗಿ, "ಕೇಳಿಸ್ತಾ?" ಎಂದು ಹಂಗಿಸಿಯೂ ಬಂದೆ.

ಒಂದು ವಿಷಯ ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಸೊಸೆ ದಾದರಿನ ಆಫೀಸಿನಿಂದ ಬಂದು ಮೊಬೈಲು ಕೊಟ್ಟಾಗ, ಬುಟ್ಟಿಯಲ್ಲಿ ಕಡಲೆಕಾಯಿ ನಿನ್ನೆಗಿಂತ ಜಾಸ್ತಿ ಇರುತ್ತಿತ್ತು. "ಅಜ್ಜಿ, ಹಾಥಿ ಅಪ್ನೇ ಆಪ್ ತಂದದ್ದು!" ಎಂದು ಮಗು ಕುಣಿಯುತ್ತಿತ್ತು. ಆನೆ ತಾನಾಗಿಯೇ ತರುತ್ತದೋ ಏನೋ, ಮೊಬೈಲಿನ ಮಾಯೆ, ಯಾರಿಗೆ ಗೊತ್ತು ಎಂದು ನಾನೂ ಬಿಟ್ಟುಬಿಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ. ಇವರು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತರು. ಮೊಮ್ಮಗಳು ಪೇಪರನ್ನು ನೆಲಕ್ಕೆ ಹಾಸಿ ಅದರ ಮೇಲೆಯೇ ಕೂತಳು. ಮುಖಪುಟದಲ್ಲಿ ಮಂತ್ರಿಯೊಬ್ಬರು ಕೈಮುಗಿದು ನಿಂತ ಚಿತ್ರ. ಅದರ ಕೆಳಗೆ ಬೆರಳಿಟ್ಟು, ಆನೆಯದೇ ರಾಗದಲ್ಲಿ ಶುರುಮಾಡಿದಳು: "ಒಂದು ಊರಲ್ಲಿ ಒಬ್ಬರು ಅಂಕಲ್ ಇದ್ದರು. ಅವರಿಗೆ ತುಂಬಾ ತುಂಬಾ ಹಸಿವು."

ಇವರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಮಗು ತಪ್ಪೇನು ಹೇಳಿತು! ಆದರೆ ನಗು ಇಳಿದ ಮೇಲೆ ವಿಷಯ ಹೊಳೆಯಿತು. ಇವಳು ಓದಲು ಕಲಿತೇ ಇಲ್ಲ, ಚಿತ್ರ ನೋಡಿಕೊಂಡು ಆನೆ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದಾಳೆ. ಇವರಿಗೂ ಹೊಳೆಯಿತು. ಮಗುವಿನ ತಲೆ ಸವರಿ, "ಚಂದ ಓದಿದೆ ಮಗಾ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ಪೇಪರಿನವನಿಗೆ ಹೇಳು," ಎಂದರು. ಅಯ್ಯೋ, ಎಷ್ಟು ಸಂಕಟವಾಯಿತು ನನಗೆ.

ಅಡುಗೆಮನೆಯಿಂದ ಸೊಸೆ ಬಂದಳು. ಚಪಾತಿ ಹಿಟ್ಟಿನ ಕೈ ಒರೆಸಿಕೊಂಡು ಮಗಳ ಪಕ್ಕ ನೆಲದ ಮೇಲೆ ಕೂತು, "ಬಾಬಾ, ಮೈ ಪಢೂಂ?" ಎಂದಳು. ಇವಳೆಂತ ಓದುವುದು ಎಂದು ನಾವು ನೋಡುತ್ತಿರುವಾಗಲೇ ಪೇಪರಿನ ಮೇಲೆ ಬಗ್ಗಿದಳು.

"ನಾ... ಳೆ. ಮು... ಲುಂ... ಡಿನಲ್ಲಿ. ನೀ... ರು. ಬ... ರು... ವುದಿಲ್ಲ."

"ಆಯೀ! ಕಡಲೆಕಾಯಿ ನೀನಾ!" ಎಂದು ಮಗು ಅಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಿತು.

ಸೊಸೆ ನಾಚಿಕೊಂಡು ಹಿಂದಿಯಲ್ಲಿ ಹೇಳಿದಳು. ಮಗಳು ಏನಾದರೂ ಕೇಳಿದರೆ ಹೇಳಲು ಬರಬೇಕಲ್ಲ ಎಂದು ಶುರುಮಾಡಿದ್ದಂತೆ. ಅಕ್ಷರಗಳನ್ನು ಮನೆಯಲ್ಲಿ ಮಗಳ ಜೊತೆ ಕಲಿತದ್ದು, ಕಥೆಗಳನ್ನು ಆಫೀಸಿಗೆ ಹೋಗಿಬರುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ. "ಈ ವಯಸ್ಸಿಗೆ ಬಾಲವಾಡಿಗೆ ಸೇರಿದೆಯಾ?" ಎಂದು ಜೊತೆಯ ಹೆಂಗಸರು ತಮಾಷೆ ಮಾಡುತ್ತಿದ್ದರಂತೆ. ಆ ಗದ್ದಲದಲ್ಲಿ ಆನೆಯ ದನಿ ಎಲ್ಲಿ ಕೇಳಬೇಕು? ಒಂದೊಂದೇ ಅಕ್ಷರ ಕೂಡಿಸಿ ತಾನೇ ಓದಿಕೊಳ್ಳಬೇಕಾಯಿತು. ನಮ್ಮ ಕೂಸಿಗೆ ಮನೆಯಲ್ಲಿ ಎಲ್ಲ ಸರಿಯಾಗಿ ಕೇಳಿಸುತ್ತಿತ್ತು, ಅದಕ್ಕೇ ಅದು ಕಲಿಯಲಿಲ್ಲ.

ಇವರು ಕುರ್ಚಿಯನ್ನು ಮುಂದಕ್ಕೆಳೆದರು. ಇಷ್ಟು ವರ್ಷದಲ್ಲಿ ಮೊದಲ ಸಲ ಸೊಸೆಯೊಡನೆ ಕನ್ನಡದಲ್ಲಿ, "ಮುಂದೆ ಓದು ಮಗಾ. ನಿಧಾನ ಓದು. ನನಗೆಂತ ಅರ್ಜೆಂಟಿಲ್ಲ," ಎಂದರು. ಅವಳು ಓದಿದಳು. ಹಸಿದ ಮಂತ್ರಿಯ ಸುದ್ದಿಗೆ ಬರುವಷ್ಟರಲ್ಲಿ ಒಳಗೆ ಚಪಾತಿ ಹಿಟ್ಟು ಒಣಗಿತ್ತು. ನಾನು ನಡುವೆ ಒಂದು ಮಾತೂ ಸೇರಿಸಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದೆ.

ಮರುದಿನ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಬಿಲ್ಡಿಂಗಿನವರೆಲ್ಲ ಬಕೆಟು, ಡ್ರಮ್ಮು ತುಂಬಿಸಿಟ್ಟಿದ್ದರು, ನಮ್ಮಲ್ಲಿ ಒಂದು ಚೊಂಬು ನೀರಿಲ್ಲ. ಖಾಲಿ ಬಕೆಟು ಹಿಡಿದು ಕೆಳಗಿನ ಮನೆಗೆ ಹೋದೆ. ಆ ಮನೆಯಾಕೆ ನಮ್ಮ ಉಡುಪಿ ಕಡೆಯವರೇ.

"ಎಂತ ಮಾರಾಯ್ರೆ, ಪೇಪರಿನಲ್ಲಿ ಬಂದಿತ್ತಲ್ಲ! ನಿಮ್ಮ ಮನೆಯಲ್ಲಿ ಯಾರೂ ಓದಲಿಲ್ವಾ?" ಎಂದರು.

"ಓದದೆ ಎಂತ? ನಮ್ಮ ಸೊಸೆಯೇ ಓದಿದ್ದು!" ಎಂದೆ, ಎಲ್ಲ ಮಾಳಿಗೆಗೂ ಕೇಳುವ ಹಾಗೆ.