ಚುಕ್ಕಿಯನ್ನು ಮುಟ್ಟಿ ನೋಡಿದ ಕೀನ್ಯಾದ ಡಾಕ್ಟರು

ಹೋದ ವರ್ಷದ ಹೊಸತೊಡಕಿನ ದಿನ. ಯುಗಾದಿಯ ಮಾರನೆಯ ದಿನವೆಂದರೆ ನಮ್ಮ ಕಡೆ ಬಾಡೂಟ ತಪ್ಪುವುದಿಲ್ಲ. ನಮ್ಮ ಒಲೆಯ ಮೇಲೂ ಸಾರು ಕುದಿಯುತ್ತಿತ್ತು, ಆದರೆ ಮನೆಯಲ್ಲಿ ಯಾರಿಗೂ ಉಣ್ಣುವ ಮನಸ್ಸಿರಲಿಲ್ಲ. ಕೊಟ್ಟಿಗೆಯಲ್ಲಿ ಚುಕ್ಕಿ ಮೇವು ಬಿಟ್ಟು, ತಲೆ ಇಳಿಬಿಟ್ಟುಕೊಂಡು ನಿಂತಿದ್ದಳು.

ನಮ್ಮದು ಸಾತನೂರಿನ ಹತ್ತಿರದ ಹಳ್ಳಿ. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಮೂರು ಹಸು. ಅದರಲ್ಲಿ ಚುಕ್ಕಿ ನನ್ನವಳು. ನನ್ನ ತವರಿನಿಂದ ಬಳುವಳಿಯಾಗಿ ಬಂದ ಹಸುವಿನ ಮಗಳು. ಅವಳು ಹುಟ್ಟಿದಾಗ ಮೈ ಒರೆಸಿ ನಿಲ್ಲಿಸಿದವಳು ನಾನೇ. ಆಗ ಅವಳು ತುಂಬು ಗಬ್ಬ. ಪಶು ಆಸ್ಪತ್ರೆಯ ಡಾಕ್ಟರು ಪುಟ್ಟರಾಜು ಬಂದು ಇಂಜೆಕ್ಷನ್ ಕೊಟ್ಟರೆ ಜ್ವರ ಇಳಿಯುವುದು, ಮತ್ತೆ ಏರುವುದು. ಪಕ್ಕದ ಮನೆಯ ಹಸು ಹೀಗೇ ಜ್ವರ ಬಂದು ಹಿಂದಿನ ತಿಂಗಳು ಸತ್ತಿತ್ತು. ಆ ಭಯಕ್ಕೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

"ಆಗೋದು ಆಯ್ತದೆ ಬುಡು, ನಮ್ ಕೈಲಿ ಏನೈತೆ?" ಅಂದರು ನಮ್ಮ ಯಜಮಾನರು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ ಬೈಕಿಗೆ ಒಂದ್ ಗೀರು ಬಿದ್ರೂ ಹಿಂಗೇ ಅಂತೀರಾ?" ಅಂತ ಕೇಳಿದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಆಚೆ ಹೋದರು.

ಅವತ್ತು ಸಂಜೆ ಡಾಕ್ಟರು ಫೋನ್ ಮಾಡಿದರು. "ಭಾಗ್ಯಮ್ಮ, ಕೀನ್ಯಾ ದೇಶದಿಂದ ಒಬ್ರು ಪಶು ಡಾಕ್ಟ್ರು ಬೆಂಗಳೂರಿಗೆ ಬಂದವ್ರೆ, ಹೆಣ್ಮಗಳು. ಉಣ್ಣೆ ಹುಳ ಕಚ್ಚಿ ಬರೋ ಜ್ವರದ ಮೇಲೆ ನಮ್ಮೋರೂ ಅವ್ರೂ ಸೇರ್ಕೊಂಡು ಸಂಶೋಧನೆ ಮಾಡ್ತಾವ್ರೆ. ಚುಕ್ಕಿಗೂ ಅದೇ ಇರ್ಬೋದು ಅಂತ ನಂಗೆ ಅನುಮಾನ. ನಾಳೆ ಕರ್ಕೊಂಡು ಬತ್ತೀನಿ. ಹಸುನ ಮಾತ್ರ ಹೆಂಗೈತೋ ಹಂಗೇ ಬುಟ್ಟಿರಿ."

ನಮ್ಮತ್ತೆಗೆ ಈ ಮಾತು ಹಿಡಿಸಿದರೆ ತಾನೆ! ಪರದೇಶದವರು ಬರುತ್ತಾರೆ ಎಂದು ಕಿವಿಗೆ ಬಿದ್ದದ್ದೇ ತಡ, ಬೆಳಿಗ್ಗೆ ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಎಲ್ಲ ಮುಗಿಸಿಬಿಟ್ಟಿದ್ದರು. ಬಿಸಿನೀರಿನಲ್ಲಿ ಚುಕ್ಕಿಯ ಮೈ ಉಜ್ಜಿ, ಮೈಮೇಲಿನ ಉಣ್ಣೆಗಳನ್ನೆಲ್ಲ ಕಿತ್ತು ಒಲೆಗೆ ಹಾಕಿ, ಹಣೆಗೆ ಅರಿಶಿನ ಕುಂಕುಮ ಬೇರೆ ಇಟ್ಟಿದ್ದರು.

"ಬಂದೋರ ಮುಂದೆ ದನ ಗಲೀಜಾಗಿದ್ರೆ ನಮ್ ಮಾನ ಏನಾಗ್ಬೇಕಮ್ಮಿ?" ಎಂದು ನನ್ನನ್ನೇ ದಬಾಯಿಸಿದರು.

ಜೀಪು ಬಂತು. ಇಳಿದ ಹೆಣ್ಣುಮಗಳು ಎತ್ತರದ ಆಳು, ಸಣ್ಣ ಸಣ್ಣ ಜಡೆ, ಕಾಲಿಗೆ ರಬ್ಬರ್ ಬೂಟು. ಹೆಸರು ವಂಜಿರು ಎಂದರು ಡಾಕ್ಟರು. ಬೀದಿಯ ಜನವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಆಕೆ ಎಲ್ಲರಿಗೂ ಕೈಮುಗಿದು ಸೀದಾ ಕೊಟ್ಟಿಗೆಗೆ ನಡೆದರು. ಹಿಂದೆಯೇ ಬಂದ ಡಾಕ್ಟರು ಚುಕ್ಕಿಯ ಅಲಂಕಾರ ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯೋ ಅಜ್ಜಿ! ಅವ್ರು ಅಷ್ಟು ದೂರದಿಂದ ಬಂದಿರೋದೇ ಆ ಉಣ್ಣೆ ಹುಡುಕ್ಕೊಂಡು ಕಣಜ್ಜಿ! ರೋಗ ತರೋದೇ ಅವು. ಅವನ್ನೇ ಒಲೆಗೆ ಹಾಕ್ಬುಟ್ರಾ?"

ಅತ್ತೆಯ ಮುಖ ಚಿಕ್ಕದಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಂಜಿರು ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದರು, ಡಾಕ್ಟರು ಹೇಳಿದರು. ಬೈಯುತ್ತಾರೆ ಅಂದುಕೊಂಡರೆ ಆಕೆ ಜೋರಾಗಿ ನಕ್ಕು ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ಅವ್ರಮ್ಮನೂ ಹಿಂಗೇ ಅಂತೆ ಅಜ್ಜಿ. ಡಾಕ್ಟ್ರು ಬತ್ತಾರೆ ಅಂದ್ರೆ ಹಸುಗೆ ಸ್ನಾನ ಅಂತೆ" ಎಂದು ಡಾಕ್ಟರು ತಿಳಿಸಿದರು. ಅತ್ತೆಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಆಕೆ ಮಾಡಿದ್ದನ್ನು ನೋಡಿ ನಾನು ದಂಗಾದೆ. ಒಗೆದ ಬಟ್ಟೆಯಲ್ಲೇ ಗಂಜಲದ ನೆಲದ ಮೇಲೆ ಅಂಗಾತ ಮಲಗಿ, ಕೆಚ್ಚಲ ಹಿಂದೆ ಟಾರ್ಚ್ ಬಿಟ್ಟು ಹುಡುಕತೊಡಗಿದರು. ಅತ್ತೆಯ ಕೈಗೆ ಸಿಗದ ಒಂದೆರಡು ಉಣ್ಣೆ ಅಲ್ಲಿದ್ದವು. ಚಿಮಟದಲ್ಲಿ ಹಿಡಿದು ಪುಟ್ಟ ಸೀಸೆಗೆ ಹಾಕಿಕೊಂಡಾಗ ಆಕೆಯ ಮುಖ ನೋಡಬೇಕಿತ್ತು, ಚಿನ್ನ ಸಿಕ್ಕಿದ ಹಾಗಿತ್ತು.

ಎದ್ದು ಚುಕ್ಕಿಯ ಕಿವಿಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು. ಏನೂ ಸಿಗಲಿಲ್ಲ. ಇನ್ನೊಂದು ಕಿವಿಯ ಕೆಳಗೂ ನೋಡಿದರು. ಆಗ ಪುಟ್ಟರಾಜು ಡಾಕ್ಟರು ಆಕೆಯ ಕೈಯನ್ನು ಮೆಲ್ಲಗೆ ಹಿಡಿದು ಚುಕ್ಕಿಯ ಹೆಗಲಿನ ಮುಂದಕ್ಕೆ ತಂದಿಟ್ಟರು. ಇಬ್ಬರೂ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ನನ್ನ ಕೈಯನ್ನೂ ಅಲ್ಲಿಡಿಸಿದರು. ಚರ್ಮದಡಿ ನಿಂಬೆಕಾಯಿ ಗಾತ್ರದ ಗಂಟು!

"ಅವ್ರ ದೇಶದ ಜ್ವರದಲ್ಲಿ ಗಂಟು ಮೊದ್ಲು ಕಿವಿ ಕೆಳಗೆ ಬತ್ತದೆ. ನಮ್ಮಲ್ಲಿ ಹೆಗಲ ಮುಂದೆ. ಎರಡೂ ಅಕ್ಕತಂಗಿ ರೋಗ ಕಣಮ್ಮ" ಎಂದರು ಡಾಕ್ಟರು.

ಆ ಗಂಟಿಗೆ ಸೂಜಿ ಹಾಕಿ ತೆಗೆದ ಹನಿಯನ್ನೂ ಕಿವಿಯ ರಕ್ತವನ್ನೂ ಗಾಜಿನ ಮೇಲೆ ಸವರಿ ಬಣ್ಣ ಹಾಕಿದರು. ಅದು ಒಣಗುವಷ್ಟರಲ್ಲಿ ಅತ್ತೆ ಬಿಡುತ್ತಾರೆಯೇ? "ಹಸ್ಕೊಂಡು ಹೋಗ್ಬ್ಯಾಡ ಕಣವ್ವ, ಒಸಿ ಉಣ್ಣು" ಎಂದು ತಟ್ಟೆಗೆ ಮುದ್ದೆ ಇಟ್ಟರು. ಅವರ ದೇಶದಲ್ಲೂ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಉಣ್ಣುತ್ತಾರಂತೆ, ಸಲೀಸಾಗಿ ಕೈಯಲ್ಲಿ ಮುರಿದರು. ಆದರೆ ಅಗಿದರು. "ನುಂಗ್ಬೇಕು ಕಣವ್ವ, ಅಗೀಬಾರ್ದು!" ಎಂದು ಅತ್ತೆ ತಾವೇ ನುಂಗಿ ತೋರಿಸಿದರು.

ಉಣ್ಣುತ್ತಲೇ ಆಕೆ ತಮ್ಮ ಕಥೆ ಹೇಳಿದರು. ಅವರ ತಾಯಿಗೆ ಇದ್ದದ್ದು ಒಂದೇ ಹಸು. ಇವರು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅದಕ್ಕೂ ಇಂಥದೇ ಜ್ವರ ಬಂತು. ಕಿವಿಯ ಕೆಳಗೆ ಗಂಟಿತ್ತು, ಯಾರೂ ಮುಟ್ಟಿ ನೋಡಲಿಲ್ಲ. ಹಸು ಉಳಿಯಲಿಲ್ಲ. ಆಕೆ ಪಶುವೈದ್ಯಳಾಗಲು ಅದೇ ಕಾರಣವಂತೆ. ಡಾಕ್ಟರು ಇದನ್ನು ಕನ್ನಡದಲ್ಲಿ ಹೇಳುವಾಗ ಆಕೆ ಮುರಿದ ಮುದ್ದೆಯನ್ನು ಬಾಯಿಗಿಡದೆ ಬೆರಳಲ್ಲೇ ಉರುಟುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು.

ಜಗಲಿಯ ಮೇಲೆ ಮೈಕ್ರೋಸ್ಕೋಪ್ ಇಟ್ಟು ಇಬ್ಬರೂ ಸರದಿಯ ಮೇಲೆ ಬಗ್ಗಿ ನೋಡಿದರು. ಅದೇ ರೋಗ. ಥೈಲೇರಿಯಾ ಅಂತ ಅದರ ಹೆಸರು. ನನ್ನನ್ನೂ ಕರೆದು ತೋರಿಸಿದರು. ನೇರಳೆ ಬಣ್ಣದ ಚುಕ್ಕೆಗಳು. ನನ್ನ ಹಸುವನ್ನು ಒಳಗಿಂದ ತಿನ್ನುತ್ತಿದ್ದದ್ದು ಇಷ್ಟು ಸಣ್ಣದೇ ಅನ್ನಿಸಿತು. ಉಳಿದ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಇದಕ್ಕೆಂದೇ ಇರುವ ಔಷಧಿ ಕನಕಪುರದಿಂದ ತಕ್ಷಣ ಬೇಕು, ತಡ ಮಾಡಿದರೆ ತಾಯಿಯೂ ಇಲ್ಲ, ಹೊಟ್ಟೆಯೊಳಗಿನ ಕರುವೂ ಇಲ್ಲ ಅಂದರು.

ಮಾತು ಮುಗಿಯುವ ಮೊದಲೇ ಬೈಕ್ ಶಬ್ದ ಕೇಳಿತು. "ಆಗೋದು ಆಯ್ತದೆ" ಅಂದಿದ್ದ ನಮ್ಮ ಯಜಮಾನರು ಡಾಕ್ಟರ ಕೈಯಿಂದ ಔಷಧಿ ಚೀಟಿ ಕಿತ್ತುಕೊಂಡು ಹೊರಟೇಬಿಟ್ಟಿದ್ದರು! ಔಷಧಿ ತಂದಾಗ ಬೈಕಿನ ಬದಿಗೆ ಉದ್ದಕ್ಕೆ ಗೀರು ಬಿದ್ದಿತ್ತು. ಅದರ ಕಡೆ ತಿರುಗಿಯೂ ನೋಡದೆ ಔಷಧಿ ಹಿಡಿದು ಸೀದಾ ಕೊಟ್ಟಿಗೆಗೆ ಓಡಿದರು.

ಇಂಜೆಕ್ಷನ್ ಆದ ಮೂರನೆಯ ದಿನ ಚುಕ್ಕಿ ಹಸಿಹುಲ್ಲಿಗೆ ಬಾಯಿ ಹಾಕಿದಳು. ನಾನು ಅವಳ ಕೊರಳು ತಬ್ಬಿಕೊಂಡು ಅತ್ತುಬಿಟ್ಟೆ. ಮುಂದೆ ಹೆಣ್ಣುಗರು ಹಾಕಿದಳು. ಕರುವಿನ ಫೋಟೋ ಕೀನ್ಯಾಕ್ಕೂ ಹೋಯಿತು. ಅತ್ತೆ ಈಗ ಕಿತ್ತ ಉಣ್ಣೆಯನ್ನು ಒಲೆಗೆ ಹಾಕುವುದಿಲ್ಲ. ಸೀಸೆಯಲ್ಲಿ ಮುಚ್ಚಿಟ್ಟು, ಡಾಕ್ಟರು ಬಂದಾಗ ಪ್ರಸಾದ ಕೊಟ್ಟ ಹಾಗೆ ಕೊಡುತ್ತಾರೆ.

ನಾನೂ ಹಾಲು ಕರೆಯಲು ಕೂರುವ ಮೊದಲು ಪ್ರತಿ ಹಸುವಿನ ಹೆಗಲ ಮುಂದೆ ಕೈಯಾಡಿಸುತ್ತೇನೆ. ಆಮೇಲೆ ಕಿವಿಯ ಕೆಳಗೂ ಮುಟ್ಟಿ ನೋಡುತ್ತೇನೆ. "ಆ ರೋಗ ನಮ್ ದೇಶದಲ್ಲಿ ಇಲ್ಲ ಕಣಮ್ಮ, ಅಲ್ಯಾಕೆ ನೋಡ್ತೀರಿ?" ಎಂದು ಡಾಕ್ಟರು ನಗುತ್ತಾರೆ. ಇಲ್ಲ ಅಂತ ನನಗೂ ಗೊತ್ತು. ಆದರೆ ಎಲ್ಲೋ ಒಬ್ಬ ತಾಯಿಯ ಹಸುವಿಗೆ ಅಲ್ಲಿ ಗಂಟಿತ್ತು, ಅವತ್ತು ಯಾರೂ ಮುಟ್ಟಿ ನೋಡಿರಲಿಲ್ಲ.