ಋತುಪರ್ಣ ರೂಪಣ್ಣನಾದದ್ದು

ಮೊನ್ನೆ ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಹನಕೆರೆಯ ಬಳಿ ಕಬ್ಬಿನ ತರಗು ಸುಡುವ ವಾಸನೆ ಕಿಟಕಿಯಿಂದ ಒಳಗೆ ಬಂತು. ನನಗೇ ತಿಳಿಯದಂತೆ ಎದ್ದು ನಿಂತಿದ್ದೆ.

"ಯಾಕ್ ಸ್ವಾಮಿ, ಇಳೀತೀರಾ?" ಎದುರು ಕೂತಿದ್ದ ಹೆಂಗಸು ಕೇಳಿದಳು.

ಇಲ್ಲವೆಂದು ಕೂತೆ. ಕಾಲು ಮಾತ್ರ ನಡುಗುತ್ತಲೇ ಇತ್ತು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇಲ್ಲವಾದರೆ ನೀವು ಪುಣ್ಯವಂತರು.

ಅವು ಯುದ್ಧದ ವರ್ಷಗಳು. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ, ಅಂದರೆ ಲೋಕದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹನಕೆರೆ ಪಕ್ಕದ ಹಳ್ಳಿಗೆ ಕೊಟ್ಟಿದ್ದ ಅಕ್ಕನಿಗೆ ಗಂಡುಮಗು ಆದಾಗ ಸೋದರಮಾವನ ಹಕ್ಕು ಚಲಾಯಿಸಿ, ಸುತ್ತಮುತ್ತ ಯಾರಿಗೂ ಇಲ್ಲದ ಹೆಸರು ಹುಡುಕಿದೆ: ಋತುಪರ್ಣ. ನಳನ ಕಥೆಯಲ್ಲಿ ಬರುವ ಅಯೋಧ್ಯೆಯ ರಾಜ. ಕೆಂಪ, ನಿಂಗ, ಮರಿಯರ ನಡುವೆ ನನ್ನ ಅಳಿಯ ಮೆರೆಯಲಿ ಎಂಬ ಆಸೆ.

ನಾಮಕರಣದಲ್ಲಿ ಮಗುವಿನ ಕಿವಿಗೆ ಹೆಸರು ಹೇಳಬೇಕಾದವಳು ಸೋದರತ್ತೆ. "ರುತು... ರುತ್ಪ..." ಎಂದು ತಡವರಿಸಿ, ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಳು.

ಅಕ್ಕನ ಅತ್ತೆ ಕೆಂಚಮ್ಮ ನನ್ನತ್ತ ತಿರುಗಿದರು. "ಒಳ್ಳೆ ಎಸ್ರು ತಂದೆ ಕಣಪ್ಪ, ಯೋಳಕ್ಕೋದ್ರೆ ನಾಲ್ಗೆ ಉಳುಕ್ತದೆ! ರೂಪಣ್ಣ ಅನ್ನಮ್ಮಿ, ಆಯ್ತದೆ."

ಸೋದರತ್ತೆ ಹಾಗೇ ಅಂದಳು. ನಾನು ಊಟದವರೆಗೂ ಮುಖ ಊದಿಸಿಕೊಂಡಿದ್ದೆ. ಹೋಳಿಗೆ ಬಂದ ಮೇಲೆ ಇಳಿಯಿತು.

ಅಕ್ಕ ಮಾತ್ರ ನನ್ನ ಪಕ್ಷ. ನೆಂಟರು ಬಂದಾಗಲೆಲ್ಲ "ಋತುಪರ್ಣಾ, ಬಾ, ಮಾವ ಕಲಿಸಿದ ಪದ ಹೇಳು" ಎಂದು ಕರೆಯುವಳು. ಮಗು ತಕ್ಷಣ ಮಂಚದ ಕೆಳಗೆ ನುಸುಳಿ, ಉಸಿರು ಬಿಗಿಹಿಡಿದು ಕೂರುತ್ತಿತ್ತು. ನಮಗೆ ಅದೊಂದು ತಮಾಷೆ.

ಅವನಿಗೆ ಮೂರು ತುಂಬಿದ ವರ್ಷ ನಾನು ರಜೆಗೆ ಹೋಗಿದ್ದೆ. ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿ ಇಟ್ಟಿದ್ದರು. ಮಗು ಬದುವಿನ ಹೊಂಗೆಮರದಡಿ ಮಲಗಿತ್ತು. ಗಾಳಿ ತಿರುಗಿತು, ಪಕ್ಕದ, ಇನ್ನೂ ಕಡಿಯದ ಕಬ್ಬಿಗೆ ಬೆಂಕಿ ಹತ್ತಿತು. ಎತ್ತಿಕೊಳ್ಳಲು ಓಡಿದರೆ ಮರದಡಿ ಬರೀ ಕಂಬಳಿ. ಕಬ್ಬಿನ ಸಾಲಿನೊಳಕ್ಕೆ ಪುಟ್ಟ ಹೆಜ್ಜೆಗಳು ಹೋಗಿದ್ದವು.

ಬೆಳೆದ ಕಬ್ಬಿನೊಳಗೆ ಒಂದು ಮಾರು ಆಚೆ ಏನೂ ಕಾಣದು. ಗರಿಗಳು ಪಟಪಟ ಸಿಡಿಯುತ್ತಿದ್ದವು. "ಋತುಪರ್ಣಾ! ಋತುಪರ್ಣಾ!" ಅಕ್ಕ ಒಂದು ಕಡೆ, ನಾನು ಒಂದು ಕಡೆ. ಉತ್ತರವಿಲ್ಲ. ಈಗಲೂ ಕನಸಿನಲ್ಲಿ ಕೂಗುತ್ತಲೇ ಇರುತ್ತೇನೆ, ಒಂದು ಅಕ್ಷರವೂ ತಪ್ಪದಂತೆ.

ಕೆಂಚಮ್ಮ ಏದುಸಿರು ಬಿಡುತ್ತಾ ಬಂದರು. "ಬಾಯ್ಮುಚ್ರೋ! ಪದ ಯೋಳುಸ್ತೀರಾ ಅಂತ ಅವಿತ್ಕಂಡದೆ ಕೂಸು!" ಎಂದು ಗದರಿ, ದಿನವೂ ಊಟಕ್ಕೆ ಕರೆಯುವ ದನಿಯಲ್ಲೇ ಕರೆದರು: "ರೂಪಣ್ಣಾ... ಬೆಲ್ಲ ಕೊಡ್ತೀನಿ, ಬಾರ್ಲಾ ಮಗಾ..." ಆ ದನಿ ನಡುಗಲಿಲ್ಲ. ಹೇಗೆ ನಡುಗಲಿಲ್ಲವೋ ನನಗೆ ಇನ್ನೂ ಅರ್ಥವಾಗಿಲ್ಲ.

ಹೊಗೆಯೊಳಗಿಂದ "ಓ" ಎಂದಿತು. ನಾವು ಹುಡುಕುತ್ತಿದ್ದ ಕಡೆಯೇ ಅಲ್ಲ. ಭಾವ ನುಗ್ಗಿ ಎತ್ತಿಕೊಂಡು ಬಂದರು. ಮಗುವಿನ ಹುಬ್ಬು ಸುಟ್ಟಿತ್ತು. ಅಜ್ಜಿಯನ್ನು ನೋಡಿ "ಬೆಲ್ಲ?" ಎಂದಿತು. ಆಗ ನಡುಗಿದರು ಕೆಂಚಮ್ಮ. ಬದುವಿನ ಮೇಲೆ ಕುಸಿದು ಕೂತರು.

ಆಮೇಲೆ ನೋಡಿ, ಆ ಹೆಸರಿಗೆ ಬಂದ ಬೇಡಿಕೆ! "ಬೆಂಕೀಲಿ ಓಗೊಟ್ಟ ಎಸ್ರು ಕಣಮ್ಮ" ಎಂದು ಹುಟ್ಟಿದ ಗಂಡುಮಕ್ಕಳಿಗೆಲ್ಲ ಇಟ್ಟರು. ಮಳವಳ್ಳಿ ಕಡೆಗೆ ಕೊಟ್ಟ ಹೆಣ್ಣುಮಕ್ಕಳು ಅಲ್ಲಿಗೂ ಒಯ್ದರು. ಸ್ವಾತಂತ್ರ್ಯ ಬರುವ ಹೊತ್ತಿಗೆ ಅಕ್ಕನ ಬೀದಿಯಲ್ಲಿ ಯಾರಾದರೂ "ರೂಪಣ್ಣಾ" ಎಂದರೆ ಬಾಗಿಲು ಬಾಗಿಲಿನಿಂದ ತಲೆಗಳು ಹೊರಬರುತ್ತಿದ್ದವು. ನಾನೋ, ಆ ದಿನದಿಂದ ಎರಡು ಹೆಸರನ್ನೂ ಬಾಯಿಗೆ ತರಲಾರದೆ ಅವನನ್ನು ಬರೀ 'ಅಳಿಯ' ಎಂದೇ ಕರೆದುಕೊಂಡು ಬಂದೆ.

ರೈಲಿನಲ್ಲಿ ಆ ಹೆಂಗಸು ಕಿಟಕಿಗೆ ಜೋತುಬಿದ್ದಿದ್ದ ಮೊಮ್ಮಗನನ್ನು ಗದರಿದಳು. "ಲೇ ರೂಪಣ್ಣ, ತಲೆ ಒಳೀಕ್ ಆಕ್ಲಾ!"

"ಪೂರ್ತಿ ಹೆಸರೇನಮ್ಮ?"

"ಅದೇ ಪೂರ್ತಿ. ಇನ್ನೆಷ್ಟುದ್ದ ಬೇಕು ನಿಮ್ಗೆ?"

ಹುಡುಗ ಕೇಳಲಿಲ್ಲ, ಹೊಗೆಯತ್ತ ಇನ್ನಷ್ಟು ಬಾಗಿದ. ನಾನು ಮೆಲ್ಲಗೆ, ಊಟಕ್ಕೆ ಕರೆಯುವವನಂತೆ ಕರೆದೆ: "ರೂಪಣ್ಣಾ..."

"ಓ" ಎಂದು ತಿರುಗಿದ. ನನ್ನ ಕಾಲು ನಡುಗುವುದು ಯಾವಾಗ ನಿಂತಿತೋ ತಿಳಿಯಲಿಲ್ಲ.